ಫಕೀರಪ್ಪನಿಗೆ ಬೇಕಾಗಿದ್ದ ಒಂದು ವಾಕ್ಯ

ಮೊದಲೇ ಹೇಳಿಬಿಡುತ್ತೇನೆ, ಫಕೀರಪ್ಪನಂಥ ಪೆದ್ದನನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಪೆದ್ದ ಅಂದರೆ ಓದದವನು ಅಂತಲ್ಲ. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದ್ದ. ಆದರೆ ಹಸಿದು ಬಂದವನ ಮುಂದೆ ತಟ್ಟೆ ಇಟ್ಟು "ಊಟ ಮಾಡ್ರೀ" ಎಂದರೆ, "ಇದು ನನಗ ಇಟ್ಟದ್ದ ಹೌದಲ್ರಿ?" ಎಂದು ಕೇಳಿ, ಖಾತ್ರಿಯಾದ ಮೇಲೆ ಕೈ ತೊಳೆಯಲು ಏಳುವ ಜಾತಿ. ಅಂಥವನು ಬೆಂಗಳೂರಿಗೆ ಬಂದ. ಬಂದವನು ಬೇರೆಲ್ಲೂ ಹೋಗದೆ ನನ್ನ ಮನೆಗೇ ಬಾಡಿಗೆಗೆ ಬಂದ. ನನ್ನ ಹಣೆಬರಹ ನೋಡಿ.

ಅದು ಎಪ್ಪತ್ತೆಂಟನೇ ಇಸವಿ. ಆರ್.ಟಿ. ನಗರ ಆಗ ಅರ್ಧ ಮನೆ, ಅರ್ಧ ರಾಗಿ ಹೊಲ. ಯಜಮಾನರು ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇರಲಾರದೆ ಹಿಂದಿನ ಎರಡು ಕೋಣೆಯನ್ನು ಬಾಡಿಗೆಗೆ ಬಿಟ್ಟಿದ್ದೆ. ಫಕೀರಪ್ಪ ತನ್ನ ಹೆಂಡತಿ ಚಂದ್ರವ್ವ, ಒಂದು ಟ್ರಂಕು, ಒಂದು ಚೀಲ ಜೋಳದೊಡನೆ ಅಲ್ಲಿ ಇಳಿದ. ಮರುದಿನ ಬೆಳಗ್ಗೆ ಕೋಳಿ ಕೂಗುವ ಮೊದಲೇ ಗೋಡೆಯಾಚೆ ಪಟಪಟ, ಪಟಪಟ. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ.

"ಏನಮ್ಮಾ, ಗೋಡೆ ಒಡೀತಿದ್ದೀಯಾ?"

"ರೊಟ್ಟಿ ಬಡ್ಯಾಕತ್ತೀನ್ರಿ ಅಕ್ಕಾರ," ಎಂದು ಚಂದ್ರವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಕೆಂಪು ಖಾರ ಹಚ್ಚಿ ನನ್ನ ಕೈಗೇ ಕೊಟ್ಟಳು. ಜಗಳ ಅಲ್ಲಿಗೆ ಮುಗಿಯಿತು. ಒಂದು ತಿಂಗಳಲ್ಲಿ ಆ ಪಟಪಟ ಕೇಳದೆ ನನಗೆ ಬೆಳಗೇ ಆಗುತ್ತಿರಲಿಲ್ಲ. ಮಕ್ಕಳಿಲ್ಲದ ನನಗೆ ಅವಳು ಮಗಳೋ ತಂಗಿಯೋ ಏನೋ ಒಂದು ಆಗಿಬಿಟ್ಟಳು.

ಫಕೀರಪ್ಪನ ಕಚೇರಿ ಯಶವಂತಪುರದಲ್ಲಿ, ಒಂದು ಹುಣಸೆಹಣ್ಣಿನ ಮಂಡಿಯ ಮಹಡಿಯ ಮೇಲೆ. ವೈದ್ಯಪದಕೋಶದ ಕಚೇರಿ ಅಂತ ಹೆಸರು. ಡಾಕ್ಟರುಗಳು ಇಂಗ್ಲಿಷಿನಲ್ಲಿ ಅನ್ನುವುದಕ್ಕೆಲ್ಲ ಕನ್ನಡದ ಮಾತು ಕೂಡಿಸಿ ಪುಸ್ತಕ ಮಾಡುವ ಕೆಲಸ. ಅದರ ಮುಖ್ಯಸ್ಥರು ಪಂಚಪ್ಪ ಎಂಬ ಪಂಡಿತರು. ಹಿಂದೆ ಯಾರೋ ಕೋಣೆಯೊಳಗೆ ಕೂತು ಕಟ್ಟಿದ ಇಂಥದೇ ಪುಸ್ತಕವನ್ನು ಜನ ಮುಟ್ಟದೆ ಇಲಿಗಳು ತಿಂದವಂತೆ. ಅದಕ್ಕೇ ಪಂಚಪ್ಪನವರು ಒಂದು ನಿಯಮ ಮಾಡಿದ್ದರು. ಪ್ರತಿ ಮಾತಿಗೂ ಒಂದು ವಾಕ್ಯ ಬೇಕು. ಅದನ್ನು ಜೀವಂತ ಮನುಷ್ಯರು, ಕೆಲಸ ಬಿದ್ದಾಗ, ತಾವಾಗಿ ಆಡಿರಬೇಕು. ಹೇಳಿಕೊಟ್ಟು ಹೇಳಿಸಿದ್ದು ನಡೆಯದು. ಆ ವಾಕ್ಯ ಬರೆದ ಚೀಟಿಯ ಮೇಲೆ ಆಡಿದವರ ರುಜು ಇಲ್ಲವೇ ಹೆಬ್ಬೆಟ್ಟು ಬೇಕು.

ಫಕೀರಪ್ಪನಿಗೆ ಮೊದಮೊದಲು ಕಷ್ಟವಾಗಲಿಲ್ಲ. ಭೇದಿ, ತುರಿಕೆ, ಬಿಕ್ಕಳಿಕೆಗಳಿಗೆಲ್ಲ ನಮ್ಮ ಬೀದಿಯಲ್ಲೇ ವಾಕ್ಯ ಸಿಕ್ಕವು. ತುರಿಕೆಗೆ ನಾನೇ ರುಜು ಹಾಕಿದ್ದೇನೆ. ಕೊನೆಗೆ ಉಳಿದದ್ದು ಒಂದೇ ಮಾತು. ಇಂಗ್ಲಿಷಿನಲ್ಲಿ ಅದನ್ನು ಸರ್ಜಿಕಲಿ ಅನ್ನುತ್ತಾರಂತೆ. ಒಂದು ಗಡ್ಡೆಯನ್ನು ಔಷಧಿ ಕೊಟ್ಟು ಕರಗಿಸಬಹುದು, ಇಲ್ಲವೇ ಕೊಯ್ದು ತೆಗೆಯಬಹುದು. ಹಾಗೆ ಕೊಯ್ದು ಮಾಡುವ ರೀತಿಯಲ್ಲಿ ಎಂದು ಅರ್ಥ. ಅದಕ್ಕೆ ಪಂಚಪ್ಪನವರು ಸ್ವತಃ ಕನ್ನಡ ಕಟ್ಟಿದ್ದರು: ಶಸ್ತ್ರಚಿಕಿತ್ಸಾತ್ಮಕವಾಗಿ. ಬಾಯಲ್ಲಿ ನೀರಿಟ್ಟುಕೊಂಡು ಹೇಳಿದರೆ ಎದುರಿದ್ದವರಿಗೆ ಸ್ನಾನವಾಗುವಂಥ ಮಾತು.

"ಇದೊಂದು ಚೀಟಿ ಸಿಕ್ಕರ ಖಾಯಂ ಮಾಡ್ತಾರ್ರಿ ಅಮ್ಮಾರ," ಎಂದು ಫಕೀರಪ್ಪ ಒಂದು ಸಂಜೆ ನನ್ನ ಜಗಲಿಯ ಮೇಲೆ ಕೂತು ಹೇಳಿದ. "ಖಾಯಂ ಆದ್ರ ರಜಾ, ಕ್ವಾರ್ಟರ್ಸು, ಪೆನ್ಶನ್ನು, ಎಲ್ಲಾ. ಯುಗಾದಿಯೊಳಗ ಸಿಗಲಿಲ್ಲಂದ್ರ ನೌಕರಿ ಹೋತು. ವಾಪಸ್ ನಮ್ಮೂರು ರೋಣಕ್ಕ ಹೋಗಿ ನಮ್ಮಣ್ಣನ ಎಣ್ಣಿ ಗಾಣದಾಗ ಕೂಡೂದು."

ಆಗಷ್ಟೇ ಬಾಗಿಲಿಗೆ ಬಂದಿದ್ದ ಚಂದ್ರವ್ವನ ಮುಖ ಬಾಡಿತು. ರೋಣದ ಮನೆಯಲ್ಲಿ ಅವಳ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಇವಳು ಕುಡಿಯುವ ನೀರಿಗೂ ಲೆಕ್ಕ ಕೇಳುವವಳು. ಈ ಹುಡುಗಿ ಹೋದರೆ ನಾನೇನು ಮಾಡಲಿ? ತಕ್ಷಣ ಕೈ ನೀಡಿದೆ.

"ತನ್ರೀ ಇಲ್ಲಿ ಚೀಟಿ. ಈ ನಾರಾಯಣಮ್ಮನ ದವಡೆ ಹಲ್ಲನ್ನ ಅದೇನೋ ಆತ್ಮಕವಾಗಿ ಕಿತ್ರು ಅಂತ ಬರ್ಕೊಳ್ಳಿ. ರುಜು ಹಾಕ್ತೀನಿ, ಪೀಡೆ ಕಳೀಲಿ."

ಹಾವು ಕಂಡವನಂತೆ ಫಕೀರಪ್ಪ ಹಿಂದೆ ಸರಿದ. "ಛೇ ಛೇ, ಹಂಗ ಬರೂದಿಲ್ರಿ. ನೀವು ಆ ಮಾತು ಈಗ ನನ್ನ ಬಾಯಿಂದ ಕೇಳೀರಿ. ನೀವು ಕೆಟ್ರಿ."

"ಏನಂದ್ರಿ? ನಾನು ಕೆಟ್ಟೆನಾ?"

"ಅಂದ್ರ, ವಾಕ್ಯಕ್ಕ ಕೆಟ್ರಿ ಅಂದೆರಿ."

ಇಂಥವನಿಗೆ ಏನು ಹೇಳುವುದು? ಮಾತನ್ನು ಯಾರಿಗೂ ಹೇಳುವಂತಿಲ್ಲ. ಆದರೆ ಅವರು ಅದನ್ನೇ ಆಡಬೇಕು. ಬಾವಿಗೆ ಹಗ್ಗ ಬಿಡದೆ ನೀರು ತಾನಾಗಿ ಮೇಲೆ ಬರಲಿ ಎಂದು ಕಾಯುವ ಕೆಲಸ ಇದು. ಆದರೂ ಫಕೀರಪ್ಪ ಜೇಬಿನಲ್ಲಿ ಖಾಲಿ ಚೀಟಿ ಇಟ್ಟುಕೊಂಡು ಊರೂರು ಅಲೆಯತೊಡಗಿದ.

ಮೊದಲು ಸಿಕ್ಕವನು ನಮ್ಮಣ್ಣ ಮುನಿವೆಂಕಟಯ್ಯ. ರಾಜಾನುಕುಂಟೆಯಲ್ಲಿ ಬೇಸಾಯ ಮಾಡಿಕೊಂಡಿದ್ದವನು, ಹಿಂದಿನ ವರ್ಷ ಹರ್ನಿಯಾ ಆಪರೇಷನ್ ಆಗಿತ್ತು. ಅವರೆಕಾಯಿ ಮೂಟೆ ಹೊತ್ತು ನಮ್ಮ ಮನೆಗೆ ಬಂದವನನ್ನು ಫಕೀರಪ್ಪ ಬಾಗಿಲಲ್ಲೇ ಹಿಡಿದ.

"ಯಜಮಾನ್ರ, ನಿಮ್ಮ ಹೊಟ್ಟಿ ಹ್ಯಾಂಗ ಸರಿ ಮಾಡಿದ್ರು?"

"ಎಂಗೆ ಅಂದ್ರೆ? ಕುಯ್ದ್ರು, ಕರ್ಳು ಒಳಕ್ ತಳ್ಳುದ್ರು, ಒಲುದ್ರು."

"ಅದನ್ನ ಒಂದ ಮಾತಿನಾಗ ಹೇಳೂದಾದ್ರ?"

ಅಣ್ಣ ಮೂಟೆ ಇಳಿಸಿ ಯೋಚನೆ ಮಾಡಿದ. "ನೋವಾಯ್ತು," ಎಂದ.

"ಇನ್ನೂ ಸ್ವಲ್ಪ ಉದ್ದನ್ನ ಮಾತು ಇಲ್ಲೇನ್ರಿ?"

"ಬಲೇ ನೋವಾಯ್ತು."

ಫಕೀರಪ್ಪ ಬಿಡಲಿಲ್ಲ. ಇನ್ನೂ ಉದ್ದ, ಇನ್ನೂ ಉದ್ದ ಎಂದು ಕೇಳುತ್ತಲೇ ಹೋದ. ನಮ್ಮಣ್ಣ ಮಾತು ಸಾಲದೆ ಪಂಚೆ ಸರಿಸಿ ಹೊಲಿಗೆಯ ಗುರುತನ್ನೇ ತೋರಿಸಲು ಹೊರಟ. ನಾನು ಅಡುಗೆಮನೆಗೆ ಓಡಿದೆ. ಹೋಗುವಾಗ ಅಣ್ಣ ನನ್ನ ಕಿವಿಯಲ್ಲಿ, "ನಾರಾಣಿ, ಇವ್ನು ಒಳ್ಳೇ ಮನ್ಸ ಕಣಮ್ಮಿ. ನನ್ ಎಂಡ್ರು ಮಕ್ಳೂ ಇಷ್ಟು ಕೇಳಿರ್ನಿಲ್ಲ," ಎಂದ.

ಆಮೇಲೆ ಹೆಬ್ಬಾಳದ ದನದ ಆಸ್ಪತ್ರೆಯ ಬಾಗಿಲು. ಅಲ್ಲೊಬ್ಬ ರೈತನ ಹಸು ಅವನ ಟೈರಿನ ಚಪ್ಪಲಿಯನ್ನು ನುಂಗಿತ್ತಂತೆ. "ಒಟ್ಟೆ ಬಗ್ದು ತೆಗುದ್ರು ಸ್ವಾಮಿ. ನೋಡಿ, ಏನೂ ಆಗಿಲ್ಲ," ಎಂದು ರೈತ ಕಾಲು ಎತ್ತಿ ತೋರಿಸಿದ. ಅದೇ ಚಪ್ಪಲಿ ಹಾಕಿಕೊಂಡು ಬಂದಿದ್ದ. ಜನರ ಬಾಯಲ್ಲಿ ಕುಯ್ದು, ಬಗೆದು, ಸೀಳಿ, ಕತ್ತರಿ ಆಕಿ, ಆಪ್ರೇಸನ್ ಮಾಡಿ, ಎಲ್ಲವೂ ಬಂತು. ಬೇಕಾದದ್ದೊಂದು ಬಿಟ್ಟು. ಫಕೀರಪ್ಪ ಸೊರಗತೊಡಗಿದ. ಮಲಗಿದರೂ ಅದೇ ಮಾತನ್ನು ಬಡಬಡಿಸುತ್ತಾನೆಂದು ಚಂದ್ರವ್ವ ನನ್ನ ಹತ್ತಿರ ಹೇಳಿ ಅತ್ತಳು. "ದೆವ್ವ ಹೊಕ್ಕೈತೇನೋ ಅನಸ್ತದ್ರಿ ಅಕ್ಕಾರ. ದೆವ್ವಕ್ಕೂ ಇಷ್ಟು ಉದ್ದನ್ನ ಹೆಸರು ಇರೂದಿಲ್ಲ."

ಕೊನೆಗೆ ಅವನ ಸವಾರಿ ಹೆಬ್ಬಾಳದ ಕಡೆಗಿದ್ದ ಡಾಕ್ಟರ್ ಮನ್ಸೂರ್ ಅವರ ನರ್ಸಿಂಗ್ ಹೋಮಿಗೆ ಹೊರಟಿತು. ಕೊಯ್ಯುವ ಜಾಗದಲ್ಲೇ ಕೊಯ್ಯುವ ಮಾತು ಸಿಕ್ಕೀತು ಎಂಬ ಆಸೆ. ದಿನಾ ಸಂಜೆ ಹೋಗಿ ರೋಗಿಗಳ ಸಾಲಿನಲ್ಲಿ ಕೂತು, "ನಿಮ್ಮದು ಹ್ಯಾಂಗ ತಗೀತಾರಂತ್ರಿ?" ಎಂದು ಪಕ್ಕದವರನ್ನು ಕೇಳುವನು. ಗಂಟಲು ನೋವಿಗೆ ಬಂದವರೂ ಗಾಬರಿಯಾಗಿ ಎದ್ದು ಹೋಗತೊಡಗಿದರು. ಒಂದು ದಿನ ಡಾಕ್ಟರು ಅವನನ್ನು ಒಳಗೆ ಕರೆಸಿದರು.

"ನಿಮಗೆ ಏನ್ ತೊಂದ್ರೆ ಮಿಸ್ಟರ್?"

"ನನಗೇನೂ ಇಲ್ರಿ. ತಾವು ಅಪೆಂಡಿಕ್ಸು ಹ್ಯಾಂಗ ತಗೀತೀರಿ, ಅಷ್ಟ ಹೇಳ್ರಿ."

"ಆಪರೇಟ್ ಮಾಡಿ ತೆಗೀತೀನಿ. ಇನ್ ಹೆಂಗ್ ತೆಗೀಲಿ, ಮಂತ್ರ ಹಾಕಿ ತೆಗೀಲಾ? ನೀವು ಹೀಗೆ ದಿನಾ ಬಂದು ಕೂತ್ರೆ ನನ್ ಪೇಷೆಂಟ್ಸ್ ಎಲ್ಲಾ ಓಡೋಗ್ತಾರೆ ಕಣ್ರೀ!"

ಗೇಟಿನವನಿಗೆ ಅಪ್ಪಣೆಯಾಯಿತು: ಈ ಆಸಾಮಿಯನ್ನು ಇನ್ನು ಒಳಗೆ ಬಿಡಕೂಡದು. ಫಕೀರಪ್ಪ ಮನೆಗೆ ಬಂದು ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಬಿಟ್ಟ. ಚಂದ್ರವ್ವ ಟ್ರಂಕಿನ ಧೂಳು ಒರೆಸಿಟ್ಟಳು. ಯುಗಾದಿಗೆ ಆಗ ವಾರ ಉಳಿದಿತ್ತು.

ಹಬ್ಬ ಹತ್ತಿರವಾದ ಒಂದು ಬೆಳಗ್ಗೆ ಪಟಪಟ ಅರ್ಧಕ್ಕೇ ನಿಂತಿತು. "ಅಕ್ಕಾರss!" ಎಂಬ ಕೂಗು ಕೇಳಿ ಓಡಿದೆ. ಫಕೀರಪ್ಪ ಬಲಗಡೆ ಹೊಟ್ಟೆ ಹಿಡಿದು ನೆಲದ ಮೇಲೆ ಮುದುಡಿದ್ದ, ಮುಖವೆಲ್ಲ ಬೆವರು. ಎದುರು ಮನೆಯ ತಾಜುದ್ದೀನನ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆ ಅಂತ ಮನ್ಸೂರ್ ಡಾಕ್ಟರ ಹತ್ತಿರವೇ ಹೋದೆವು. ಹೊರಡುವಾಗ ಫಕೀರಪ್ಪ ಆ ನೋವಿನಲ್ಲೂ ದೇವರ ಫೋಟೋದ ಕಡೆ ಕೈ ತೋರಿಸಿ ಚೀಟಿ ತರಿಸಿಕೊಂಡ. ಸಾಯುವವನು ತುಳಸಿ ನೀರು ಕೇಳುತ್ತಾನೆ, ಇವನು ಚೀಟಿ ಕೇಳಿದ.

ಗೇಟಿನವನು ಅಡ್ಡ ನಿಂತ. "ಇವ್ರನ್ನ ಬಿಡಬ್ಯಾಡ ಅಂದವ್ರೆ ಡಾಕ್ಟ್ರು."

"ಲೋ, ಮನುಷ್ಯ ಸಾಯ್ತಿದ್ದಾನೆ ಕಣೋ!" ಎಂದು ನಾನು ಅವನ ಎದೆಗೆ ಕೈ ಕೊಟ್ಟು ತಳ್ಳಿದೆ. ಗಲಾಟೆಗೆ ಡಾಕ್ಟರೇ ಹೊರಗೆ ಬಂದರು. ತಾಜುದ್ದೀನನ ತೋಳಿನಲ್ಲಿ ಜೋತುಬಿದ್ದ ಫಕೀರಪ್ಪನನ್ನೂ ಅವನ ಕೈಯಲ್ಲಿದ್ದ ಚೀಟಿಯನ್ನೂ ನೋಡಿ ಅವರ ಮುಖ ಕೆಂಪಾಯಿತು.

"ಓಹೋ, ಇವತ್ತು ನಾಟಕ ಬೇರೆ! ಯಾವ ಪದ ಬೇಕ್ರೀ ಇವತ್ತು? ಎರಡು ಮಾತ್ರೆ ಬರ್ಕೊಡ್ತೀನಿ, ನುಂಗಿ ಮನೇಲಿ ಮಲಗಿ."

ನಾನು ಬಾಯಿ ತೆರೆಯುವುದರೊಳಗೆ ಚಂದ್ರವ್ವ ಮುಂದೆ ನುಗ್ಗಿದಳು. ನಮ್ಮ ಬೀದಿಯ ತರಕಾರಿಯವನ ಹತ್ತಿರವೂ ಗಟ್ಟಿಯಾಗಿ ಮಾತಾಡದ ಹುಡುಗಿ ಅದು. ಕೈತುಂಬ ಜೋಳದ ಹಿಟ್ಟು, ತಲೆಯ ಮೇಲಿನ ಸೆರಗು ಜಾರಿದೆ, ಕಣ್ಣಲ್ಲಿ ಬೆಂಕಿ.

"ಗುಳಿಗಿ ಕೊಟ್ಟು ಕಳಸ್ತೀಯೇನೋ ಡಾಕ್ಟರಾ! ನಿನ್ನ ಗುಳಿಗಿ ಒಲಿಯಾಗ ಹಾಕ! ಮನಿಶ್ಯಾ ಸಾಯಾಕತ್ತಾನು, ಕಣ್ಣು ಕಾಣಸೂದಿಲ್ಲೇನು? ಆ ಹಾಳಾದ ಬ್ಯಾನಿ ಶಸ್ತ್ರಚಿಕಿತ್ಸಾತ್ಮಕವಾಗಿ ತಗಿ! ಈಗ ತಗಿ! ಇಲ್ಲೇ ತಗಿ!"

ಫಕೀರಪ್ಪ ತಲೆ ಎತ್ತಿದ. ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮದುವೆಯಲ್ಲಿ ಅಂತರಪಟ ಸರಿದಾಗಲೂ ಅವನು ಹೆಂಡತಿಯನ್ನು ಹಾಗೆ ನೋಡಿರಲಾರ. "ಅಮ್ಮಾರ... ಪೆನ್ನು..." ಎಂದು ನನ್ನ ಕಡೆ ಒಂದು ಹೆಜ್ಜೆ ಇಟ್ಟವನು ಬುಡ ಕಡಿದ ಮರದ ಹಾಗೆ ಬಿದ್ದ. ಡಾಕ್ಟರು ಅಲ್ಲೇ ಮಂಡಿಯೂರಿ ಹೊಟ್ಟೆಯ ಬಲಭಾಗ ಒತ್ತಿದರು. ಫಕೀರಪ್ಪ ಕಿರುಚಿದ ಸದ್ದಿಗೆ ಹೊರಗೆ ತಾಜುದ್ದೀನನ ಆಟೋ ಸುತ್ತ ನಿಂತಿದ್ದ ನಾಯಿಗಳೂ ಓಡಿದವು.

"ಯಾ ಅಲ್ಲಾ, ಇದು ನಿಜ!" ಎಂದರು ಡಾಕ್ಟರು. "ಥಿಯೇಟರ್ ರೆಡಿ ಮಾಡ್ರೀ, ಬೇಗ!"

ತಳ್ಳುಗಾಡಿಯ ಮೇಲೆ ಮಲಗಿಸಿ ಒಯ್ಯುವಾಗಲೂ ಫಕೀರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡಲೊಲ್ಲ. ಚೀಟಿಯ ಮೇಲೆ ವಾಕ್ಯವನ್ನು ಅವನು ಹೇಳಿದ ಹಾಗೆ ನಾನು ಬರೆಯಬೇಕಾಯಿತು. "ಬೈದದ್ದೂ ಬರೀಲೇನ್ರೀ?" ಎಂದೆ. "ಬರೀರಿ, ಪೂರ್ತಿ ಬರೀರಿ," ಎಂದ. ಚಂದ್ರವ್ವ ಅಳುತ್ತಾ ಆಪರೇಷನ್ ಕಾಗದಕ್ಕೆ ಒಂದು ರುಜು, ಚೀಟಿಗೆ ಒಂದು ರುಜು ಹಾಕಿದಳು. ಎರಡರ ಮೇಲೂ ಹಿಟ್ಟು ಮೆತ್ತಿತು. ಆಮೇಲೇ ಅವನು ಕೈ ಬಿಟ್ಟದ್ದು.

ಆಪರೇಷನ್ ಚೆನ್ನಾಗಿ ಆಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ತಾವೇ ಬಂದು ಹೇಳಿ, ಚಂದ್ರವ್ವನಿಗೆ ಕೈ ಮುಗಿದು ಹೋದರು. ನಾನು ಚೀಟಿಯನ್ನು ತಾಜುದ್ದೀನನ ಕೈಯಲ್ಲಿ ಯಶವಂತಪುರಕ್ಕೆ ಕಳಿಸಿದೆ. ಯುಗಾದಿಯ ಹಿಂದಿನ ದಿನ ಪಂಚಪ್ಪನವರು ಕೊಡೆ ಊರಿಕೊಂಡು ಆಸ್ಪತ್ರೆಗೇ ವಿಚಾರಣೆಗೆ ಬಂದರು. ಬಿಳಿ ಪೇಟ, ಬಿಳಿ ಮೀಸೆ, ಕೈಯಲ್ಲಿ ಅದೇ ಚೀಟಿ.

"ಫಕೀರಪ್ಪನವರೇ, ಈ ಮಾತನ್ನು ಈಕೆಗೆ ನೀವು ಹೇಳಿಕೊಟ್ಟಿರಾ?"

ಇಲ್ಲ ಎಂದುಬಿಡಬಾರದೆ? ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಆ ಪೆದ್ದ ಏಳಲು ನೋಡಿದ. "ಕಲಿಸಿಲ್ರಿ ಸರ. ಆದ್ರ ನಿದ್ದಿಯಾಗ ನಾ ಅಂದಿರಬೇಕು. ಆಕಿ ಬಾಜೂಕ ಮಲಗಿರ್ತಾಳ್ರಿ. ಕಿವಿಗೆ ಬಿದ್ದಿರಬೇಕು."

ಹೊಲಿಗೆ ಇಲ್ಲದಿದ್ದರೆ ನಾನೇ ಅವನ ಹೊಟ್ಟೆಗೆ ಗುದ್ದುತ್ತಿದ್ದೆ. ಚಂದ್ರವ್ವ ನನ್ನ ಕೈ ಹಿಡಿದುಕೊಂಡಳು. ಪಂಚಪ್ಪನವರು ಚೀಟಿಯನ್ನು ಇನ್ನೊಮ್ಮೆ ಓದಿಕೊಂಡರು. ಆಮೇಲೆ ಅವಳ ಕಡೆ ತಿರುಗಿ, "ತಾಯಿ, ಆ ಮಾತಿನ ಅರ್ಥ ನಿನಗೆ ಗೊತ್ತೇನಮ್ಮಾ?" ಎಂದರು.

"ನಂಗೇನ್ ಗೊತ್ರಿ ಯಪ್ಪಾ. ಇವರ ಬ್ಯಾನಿ ಹೋಗ್ಬೇಕಾಗಿತ್ತು, ಗುಳಿಗಿಗೆ ಹೋಗೂದಲ್ಲ ಅನಿಸ್ತು. ಬಾಯಾಗ ಅದ ಬಂತು."

"ಇನ್ನೊಂದು ಸಲ ಅನ್ನುತ್ತೀಯಾ?"

ಚಂದ್ರವ್ವ ನಾಚಿ ಸೆರಗು ಎಳೆದುಕೊಂಡಳು. "ಈಗ ಸಿಟ್ಟಿಲ್ರಿ. ಬರೂದಿಲ್ಲ."

ಮುದುಕರು ಕನ್ನಡಕ ತೆಗೆದು ಒರೆಸಿದರು. ಆ ಮಾತನ್ನು ಕಟ್ಟಿದವರು ಅವರೇ ಅಲ್ಲವೇ. ಕಟ್ಟಿ ಎಷ್ಟೋ ವರ್ಷವಾಗಿತ್ತಂತೆ, ಒಂದು ಬಾಯಿಂದಲೂ ಅದನ್ನು ಅವರು ಕೇಳಿರಲಿಲ್ಲವಂತೆ. "ಕಲಿಸಿದ್ದಲ್ಲ ಇದು, ಅಂಟಿದ್ದು," ಎಂದರು. "ಅಂಟಿದರೆ ತಪ್ಪಿಲ್ಲ. ಖಾಯಂ ಮಾಡುತ್ತೇನೆ."

ನಾನು ಆಸ್ಪತ್ರೆಯೆಂಬುದನ್ನೂ ಮರೆತು ಚಂದ್ರವ್ವನನ್ನು ಅಪ್ಪಿಕೊಂಡು ಕುಣಿದೆ. ಗೇಟಿನವನಿಗೂ ಹೋಳಿಗೆ ಕೊಟ್ಟೆ. ಇನ್ನು ರೋಣ ಇಲ್ಲ, ಗಾಣ ಇಲ್ಲ, ನೆಗೆಣ್ಣಿ ಇಲ್ಲ. ನನ್ನ ಹುಡುಗಿ ನನ್ನ ಗೋಡೆಯಾಚೆಯೇ ಇರುತ್ತಾಳೆ ಎಂದು ಆ ಹಬ್ಬದಲ್ಲಿ ಬೇವಿಗಿಂತ ಬೆಲ್ಲವನ್ನೇ ಹೆಚ್ಚು ತಿಂದೆ.

ಖಾಯಂ ಆದ ಆರ್ಡರು ಬಂದು ಸ್ವಲ್ಪ ದಿನಕ್ಕೆ ಇನ್ನೊಂದು ಕಾಗದ ಬಂತು. ಖಾಯಂ ನೌಕರರಿಗೆ ರಾಜಾಜಿನಗರದಲ್ಲಿ ಕ್ವಾರ್ಟರ್ಸು. ನಲ್ಲಿ ನೀರು, ಎರಡು ರೂಮು, ಹಿಂದೆ ಕರಿಬೇವಿನ ಗಿಡ. ಫಕೀರಪ್ಪ ಅವತ್ತು ಜಗಲಿಯ ಮೇಲೆ ಹೇಳಿರಲಿಲ್ಲವೇ, ರಜಾ, ಕ್ವಾರ್ಟರ್ಸು, ಪೆನ್ಶನ್ನು ಅಂತ? ಹೇಳಿದ್ದ. ನನ್ನ ಕಿವಿಗೆ ಹೊಕ್ಕದ್ದು ಖಾಯಂ ಒಂದೇ.

ಸಾಮಾನು ಒಯ್ಯಲು ಲಾರಿ ಬಂದ ದಿನ ನಾನು ಹೊರಗೇ ಬರಲಿಲ್ಲ. ಚಂದ್ರವ್ವ ಒಳಗೆ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಕೊನೆಗೆ ಅವಳನ್ನು ಕಳಿಸಿಕೊಡಲು ಗೇಟಿನ ತನಕ ಹೋದೆ. ಟ್ರಂಕಿನ ಮೇಲೆ ಕೂತಿದ್ದ ಫಕೀರಪ್ಪ ಇಳಿದು ಬಂದ.

"ಅಮ್ಮಾರ, ಸಿಟ್ಟ ಬಂದೈತೇನ್ರಿ?"

"ಸಿಟ್ಟಲ್ಲ ಕಣ್ರೀ," ಎಂದೆ. "ಇವಳು ದಿನಾ ಒಂಚೂರು ಒಂಚೂರು ದೂರ ಆಗಿದ್ರೆ ತಡ್ಕೊಳ್ತಿದ್ದೆ. ಶಸ್ತ್ರಚಿಕಿತ್ಸಾತ್ಮಕವಾಗಿ ತೆಗೆದುಕೊಂಡು ಹೋಗ್ತಿದ್ದೀರಲ್ರೀ."

ಆಡಿದ ಮೇಲೇ ನನಗೆ ಕೇಳಿಸಿದ್ದು. ಫಕೀರಪ್ಪನ ಕೈ ಅದರ ಪಾಡಿಗೆ ಜೇಬಿಗೆ ಹೋಯಿತು. ಒಂದು ಖಾಲಿ ಚೀಟಿ ತೆಗೆದು ನಿಧಾನವಾಗಿ ಬರೆದ. ಬರೆದು, ಪೆನ್ನಿನ ಜೊತೆ ನನ್ನ ಮುಂದೆ ಹಿಡಿದ.

"ನಾನು ಕೆಟ್ಟವಳಲ್ವೇನ್ರೀ, ವಾಕ್ಯಕ್ಕೆ?"

"ಇಲ್ರಿ ಅಮ್ಮಾರ," ಎಂದ. "ನಿಮಗೂ ಅಂಟೈತ್ರಿ."

ರುಜು ಹಾಕಿದೆ. ಲಾರಿ ಹೊರಟಿತು. ಮರುದಿನ ಕೋಳಿ ಕೂಗುವ ಮೊದಲೇ ಎಚ್ಚರವಾಯಿತು. ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟು ನಿಂತೆ. ಹಾಳಾದ ಗೋಡೆ, ಸುಮ್ಮನಿತ್ತು.